ಗಟ್ಟಿ ಕಾಲು, ಹರಿದ ಹೊಟ್ಟೆ: ಒಂದು ಮಾಡೆಲ್ ವಿಮಾನದ ಲ್ಯಾಂಡಿಂಗ್ ಗೇರ್ ಪ್ರಕರಣ

ಈ ಪ್ರಕರಣದ ವಿಮಾನದಲ್ಲಿ ವಿಶೇಷ ಏನೂ ಇಲ್ಲ. ರೆಕ್ಕೆಯ ಉದ್ದ 1.8 ಮೀಟರ್, ತೂಕ 4.2 ಕೆ.ಜಿ., ಮೂತಿಯಲ್ಲಿ 20 ಸಿಸಿ ಪೆಟ್ರೋಲ್ ಎಂಜಿನ್. ಬಾಲ್ಸಾ ಎಂಬ ಹಗುರ ಮರ ಮತ್ತು ಪ್ಲೈವುಡ್‌ನಲ್ಲಿ (ಪ್ಲೈ) ಕಟ್ಟಿದ ಕಿಟ್. ಮುಂದೆ ಎರಡು ದೊಡ್ಡ ಗಾಲಿ, ಬಾಲದ ಕೆಳಗೆ ಪುಟ್ಟದೊಂದು ಗಾಲಿ. ಹಾರಿಸುವವರು ಒಬ್ಬ ನಿವೃತ್ತ ಶಾಲಾ ಮೇಷ್ಟ್ರು. ಅವರ ಹೆಸರು, ಊರು ಯಾವುದೂ ಇಲ್ಲಿ ಬೇಡ. ಬರೀ ಮೇಷ್ಟ್ರು ಅನ್ನೋಣ. ಅವರಿಗೆ ಕೈಜೋಡಿಸಿದವನು ಡಿಪ್ಲೊಮಾ ಓದುತ್ತಿರುವ ಒಬ್ಬ ಹುಡುಗ. ನಾನೂ ಅದೇ ಬಯಲಿನಲ್ಲಿ ಹಾರಿಸುವವನು. ತೂಕ ಹಾಕುವುದು, ಅಳತೆ ಬರೆದಿಡುವುದು ನನ್ನ ಪಾಲಿಗೆ ಬಂತು.

ನಮ್ಮದು ಊರಾಚೆಯ ಗೋಮಾಳ. ಮಳೆಗಾಲದಲ್ಲಿ ದನ ಓಡಾಡಿದ ಗೊರಸಿನ ಗುಂಡಿಗಳು ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತವೆ. ನಡುನಡುವೆ ಹುಲ್ಲಿನ ಗಡ್ಡೆಗಳು. ಟಾರು ಹಾಕಿದ ರನ್‌ವೇ ಮೇಲೆ ಹಾರಿಸುವವರಿಗೆ ಈ ಪ್ರಕರಣದ ಅರ್ಧ ಭಾಗ ಬಾಧಿಸುವುದೇ ಇಲ್ಲ. ಹೊಲ, ಕೆರೆ ಅಂಗಳ, ಗೋಮಾಳದಲ್ಲಿ ಹಾರಿಸುವವರಿಗೆ ಪೂರ್ತಿ ಬಾಧಿಸುತ್ತದೆ.

ಶುರುವಾದದ್ದು ಹೀಗೆ

ಕಿಟ್ ಜೊತೆ ಬಂದದ್ದು 3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯನ್ನು ಬಗ್ಗಿಸಿ ಮಾಡಿದ ಕಾಲು, ಅಂದರೆ ಮುಂದಿನ ಎರಡು ಗಾಲಿಗಳನ್ನು ಹೊರುವ ಲ್ಯಾಂಡಿಂಗ್ ಗೇರ್. ತೂಕ 162 ಗ್ರಾಂ. ಕೊಂಚ ಜೋರಾಗಿ ಇಳಿದರೂ ಅದು ಎರಡೂ ಕಡೆ ಅಗಲಿಸಿಕೊಂಡು ಕೂತುಬಿಡುತ್ತಿತ್ತು. ಕಾಲು ಅಗಲಿದರೆ ಮೂತಿ ತಗ್ಗುತ್ತದೆ. ಮೂತಿ ತಗ್ಗಿದರೆ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಮೇಷ್ಟ್ರು ಪ್ರತಿ ಭಾನುವಾರ ಮನೆಗೆ ಹೋಗಿ ಅದನ್ನು ವೈಸ್‌ನಲ್ಲಿ ಹಿಡಿದು ನೇರ ಮಾಡುತ್ತಿದ್ದರು. ಹೀಗೆ ಬಗ್ಗಿಸಿ ಬಗ್ಗಿಸಿ, ಕೊನೆಗೆ ಮಡಿಕೆಯ ಹೊರಭಾಗದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು.

"ಮೊದಲು ನೀಟಾಗಿ ಇಳಿಸೋದು ಕಲೀರಿ, ಕಾಲು ತಾನಾಗೇ ಬಾಳಿಕೆ ಬರುತ್ತೆ" ಎಂದವರಿದ್ದರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಅಡ್ಡಗಾಳಿ, ಎಂಜಿನ್ ನಿಂತುಹೋಗುವುದು, ಗೊರಸಿನ ಗುಂಡಿ, ಇವು ಎಂಥ ಪೈಲಟ್‌ನನ್ನೂ ಬಿಡುವುದಿಲ್ಲ. ಕೆಟ್ಟ ಇಳಿತಕ್ಕೂ ತಡೆಯುವ ಹಾಗೆ ಕಾಲು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೇಷ್ಟ್ರ ಮೊದಲ ತೀರ್ಮಾನ ಎಲ್ಲರೂ ಮಾಡುವಂಥದ್ದೇ: ಇನ್ನೂ ದಪ್ಪ ಪಟ್ಟಿ. ಅದೇ ಆಕಾರದಲ್ಲಿ 4 ಮಿ.ಮೀ. ಪಟ್ಟಿ ಬಗ್ಗಿಸಿಕೊಂಡು ಬಂದರು. ತೂಕ 216 ಗ್ರಾಂ. ಕಾಲು ಅಗಲುವುದು ಬಹಳ ಕಡಿಮೆಯಾಯಿತು. ಮುಂದಿನ ಒರಟು ಇಳಿತದಲ್ಲಿ ಕಾಲು ಹೇಗಿತ್ತೋ ಹಾಗೇ ಇತ್ತು. ಆದರೆ ವಿಮಾನದ ಹೊಟ್ಟೆಯ ಪ್ಲೈ ಸಮೇತ ಕಿತ್ತು ಬಂದಿತ್ತು.

ಇಲ್ಲೊಂದು ಲೆಕ್ಕ ಇದೆ. ಅದು ಗೊತ್ತಿದ್ದರೆ ಎಷ್ಟೋ ದುಡ್ಡು ಉಳಿಯುತ್ತದೆ. ಪಟ್ಟಿಯನ್ನು 3ರಿಂದ 4 ಮಿ.ಮೀ.ಗೆ ಏರಿಸಿದರೆ ತೂಕ 1.33 ಪಟ್ಟು ಆಗುತ್ತದೆ. ಬಾಗದಿರುವ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ಅದು 2.37 ಪಟ್ಟು. ಶಾಶ್ವತವಾಗಿ ಬಗ್ಗುವ ಮುಂಚೆ ತಡೆಯುವ ಬಲ ದಪ್ಪದ ವರ್ಗಕ್ಕೆ ತಕ್ಕಂತೆ, ಅಂದರೆ 1.78 ಪಟ್ಟು. ಇಳಿಯುವಾಗಿನ ಶಕ್ತಿಯನ್ನು ನುಂಗುವ ಸಾಮರ್ಥ್ಯ ಮಾತ್ರ ಲೋಹದ ಪ್ರಮಾಣದಷ್ಟೇ, ಬರೀ 1.33 ಪಟ್ಟು. ಶಕ್ತಿ ನುಂಗುವುದರಲ್ಲಿ ಸಿಕ್ಕಿದ ಲಾಭ ಸ್ವಲ್ಪ, ಹೊಟ್ಟೆಗೆ ದಾಟಿಸುವ ಬಲ ಜಾಸ್ತಿ. ಪ್ಲೈ ಕಿತ್ತು ಬಂದದ್ದರಲ್ಲಿ ಆಶ್ಚರ್ಯವೇ ಇಲ್ಲ.

ಕಾರ್ಬನ್ ಕಾಲು

ಹೊಟ್ಟೆ ರಿಪೇರಿ ಆಯಿತು. ಮೇಷ್ಟ್ರು ಈಗ ಕಾರ್ಬನ್ ಫೈಬರ್ ಕಾಲು ತರಿಸಿದರು. 118 ಗ್ರಾಂ ಮಾತ್ರ. ಕೈಯಲ್ಲಿ ಹಿಡಿದು ನೋಡಿದ ನಮಗೆಲ್ಲ ಖುಷಿಯಾಯಿತು. ಅದನ್ನು ಆರಿಸುವಾಗ ಅವರು ಒಂದು ನಿರ್ಧಾರ ಮಾಡಿದ್ದರು. ತಮ್ಮ ವಿಮಾನದ ತೂಕಕ್ಕೆ ಹೇಳಿದ್ದನ್ನು ಬಿಟ್ಟು, ಒಂದು ಸೈಜು ಮೇಲಿನದನ್ನು, ಇನ್ನೂ ದೊಡ್ಡ ವಿಮಾನಕ್ಕೆಂದು ಮಾಡಿದ್ದನ್ನು ಕೊಂಡಿದ್ದರು. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಲ್ವಾ ಎಂಬ ಯೋಚನೆ.

ಕೆಲವು ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಇಳಿದ ವಿಮಾನ ಹುಲ್ಲಿನ ಗಡ್ಡೆಗೆ ಗಾಲಿ ತಗುಲಿಸಿಕೊಂಡು ಮೂತಿ ಕೆಳಗೆ ಮಾಡಿ ನಿಂತಿತು. ಕಾರ್ಬನ್ ಕಾಲಿಗೆ ಒಂದು ಗೀರೂ ಇಲ್ಲ. ಹೊಟ್ಟೆ ಮತ್ತೆ ಹರಿದಿತ್ತು.

ಪ್ರಕರಣ ತಿರುಗಿದ್ದು ಇಲ್ಲಿ. ಮೇಷ್ಟ್ರು ಮುರಿದ ತುಂಡನ್ನು ಬಿಸಾಡಲು ಹೊರಟಿದ್ದರು. ಹುಡುಗ ತಡೆದ. "ಸಾರ್, ಒಂದು ನಿಮಿಷ. ಮುಂದಿನ ತೂತುಗಳಷ್ಟೇ ಹರಿದಿವೆ ನೋಡಿ."

ನೋಡಿದೆವು. ಕಾಲನ್ನು ಹಿಡಿದಿದ್ದದ್ದು ನಾಲ್ಕು ಸ್ಟೀಲ್ ಬೋಲ್ಟ್. 3 ಮಿ.ಮೀ. ಪ್ಲೈ ಒಳಗೆ ಕೂರಿಸಿದ ಟಿ-ನಟ್‌ಗೆ ಅವು ಕಚ್ಚಿದ್ದವು. ಮುಂದಿನ ಎರಡು ಟಿ-ನಟ್ ಪ್ಲೈಯನ್ನು ಸೀಳಿಕೊಂಡು ಕೆಳಗೆ ಬಂದಿದ್ದವು. ಹಿಂದಿನ ಎರಡು ಹಾಗೇ ಇದ್ದವು. ಆದರೆ ಹಿಂದಿನ ಅಂಚಿನ ಉದ್ದಕ್ಕೂ ಪ್ಲೈ ಒತ್ತಿ ಜಜ್ಜಿದ ಗೆರೆ ಮೂಡಿತ್ತು. ವಿಮಾನ ಮೇಲಿಂದ ನೆಟ್ಟಗೆ ಬಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಗಾಲಿಯನ್ನು ಯಾವುದೋ ಹಿಂದಕ್ಕೆ ಎಳೆದಿದೆ. ಕಾಲಿನ ಪಟ್ಟಿ ಹಿಂದಿನ ಅಂಚಿನ ಮೇಲೆ ಮೀಟುಗೋಲಿನ ಹಾಗೆ ತಿರುಗಿ, ಮುಂದಿನ ಬೋಲ್ಟ್‌ಗಳನ್ನು ಕಿತ್ತಿದೆ. ಹಳೆಯ ರಿಪೇರಿಯ ತುಂಡು ಡಬ್ಬಿಯಲ್ಲಿ ಇತ್ತು. ಅದರಲ್ಲೂ ಇದೇ ಗುರುತು.

ಅಂದರೆ ಅಲ್ಲಿವರೆಗೆ ದುಡ್ಡು ಸುರಿದದ್ದೆಲ್ಲ ಕಾಲಿನ ಮೇಲೆ. ತೊಂದರೆ ಇದ್ದದ್ದು ಬೇರೆ ಎರಡು ಕಡೆ. ಒಂದು, 75 ಮಿ.ಮೀ.ನ ಗಟ್ಟಿ ರಬ್ಬರ್ ಗಾಲಿ. ಗೊರಸಿನ ಗುಂಡಿಗೆ ಅದು ನೇರ ಇಳಿದುಬಿಡುತ್ತಿತ್ತು. ಇನ್ನೊಂದು, ಬಲವನ್ನು ಅಕ್ಕಪಕ್ಕಕ್ಕೆ ಹಂಚದ ತೆಳು ಪ್ಲೈ. ಇವೆರಡರ ನಡುವೆ, ಸ್ವಲ್ಪವೂ ಬಗ್ಗದೆ ಬಲವನ್ನು ಹಾಗೇ ದಾಟಿಸುವ ಕಾಲು.

ಬಗ್ಗುವುದೇ ಕೆಲಸ

ಆ ವಾರ ಮೇಷ್ಟ್ರ ಮನೆ ಜಗುಲಿಯಲ್ಲಿ ಕೂತು ಮಾತಾಡಿದೆವು. ಪಾಠ ಹೇಳಿ ರೂಢಿಯಾದವರು, ತಾವೇ ಲೆಕ್ಕ ಬಿಡಿಸಿದರು. 20 ಸೆಂ.ಮೀ. ಎತ್ತರದಿಂದ ಬಿದ್ದ ವಿಮಾನ 2 ಸೆಂ.ಮೀ.ನಲ್ಲಿ ನಿಂತರೆ, ಕಾಲಿನ ಮೇಲೆ ಬೀಳುವ ಸರಾಸರಿ ಬಲ ತೂಕದ 11 ಪಟ್ಟು. 4.2 ಕೆ.ಜಿ. ವಿಮಾನಕ್ಕೆ ಅದು 46 ಕೆ.ಜಿ. ತೂಕಕ್ಕೆ ಸಮ. ಅದೇ 4 ಸೆಂ.ಮೀ.ನಲ್ಲಿ ನಿಂತರೆ 6 ಪಟ್ಟು, ಸುಮಾರು 25 ಕೆ.ಜಿ. ಸ್ಪ್ರಿಂಗ್ ಆದ್ದರಿಂದ ಆ ಕ್ಷಣದ ಗರಿಷ್ಠ ಬಲ ಸರಾಸರಿಯ ಹೆಚ್ಚುಕಡಿಮೆ ಎರಡರಷ್ಟು. ಎರಡು ಸೆಂಟಿಮೀಟರ್ ಜಾಸ್ತಿ ಬಗ್ಗಿದರೆ ಹೊಟ್ಟೆಗೆ ಬೀಳುವ ಏಟು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ದೊಡ್ಡ ವಿಮಾನಗಳಲ್ಲಿ ಇದು ಹಳೆಯ ವಿಷಯ. ಅಮೆರಿಕದ ಸ್ಟೀವ್ ವಿಟ್‌ಮನ್ ತಮ್ಮ ರೇಸ್ ವಿಮಾನಗಳಿಗೆ ಲಾರಿಯ ಕಮಾನು ಪಟ್ಟಿಯಂಥ ಸ್ಪ್ರಿಂಗ್ ಸ್ಟೀಲ್ ಕಾಲು ಹಾಕಿದರು. ಸೆಸ್ನಾ ಕಂಪನಿ ಅದನ್ನೇ ತೆಗೆದುಕೊಂಡು 1946ರ ಸೆಸ್ನಾ 140ರಲ್ಲಿ ಬಳಸಿತು. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝಿ ಎಂಬ ಪುಟ್ಟ ವಿಮಾನದಲ್ಲಿ ಮುಖ್ಯ ಗಾಲಿಗಳನ್ನು ಹೊತ್ತಿರುವುದು ಬಿಲ್ಲಿನಂತೆ ಬಾಗಿದ ಗ್ಲಾಸ್ ಫೈಬರ್ ಕಾಲು. ಗಮನಿಸಿ, ಕಾರ್ಬನ್ ಬಿಟ್ಟು ಗ್ಲಾಸ್. ಅದಕ್ಕೆ ಕಾರಣವಿದೆ.

ಸ್ಪ್ರಿಂಗ್ ಒಂದು ಮುರಿಯದೆ ಎಷ್ಟು ಶಕ್ತಿ ಹಿಡಿದಿಡುತ್ತದೆ ಎಂಬುದು ಆ ವಸ್ತುವಿನ ಬಲದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದರ ಬಿಗಿತಕ್ಕೆ ತಕ್ಕಂತೆ ಇಳಿಯುತ್ತದೆ. ನಾರು ಒಂದೇ ದಿಕ್ಕಿಗಿರುವ ಕಾರ್ಬನ್‌ನ ಬಿಗಿತ 100 ಗಿಗಾಪಾಸ್ಕಲ್‌ಗೂ (ಬಿಗಿತ ಅಳೆಯುವ ಮಾನ; ಅದರ ಸಾವಿರದ ಒಂದು ಭಾಗ ಮೆಗಾಪಾಸ್ಕಲ್) ಜಾಸ್ತಿ, ಗ್ಲಾಸ್‌ನದು 40ರ ಆಸುಪಾಸು. ಬಲದಲ್ಲಿ ಅಷ್ಟೊಂದು ವ್ಯತ್ಯಾಸವಿಲ್ಲ. ಹಾಗಾಗಿ ಗ್ಲಾಸ್ ತುಸು ಭಾರವಾದರೂ, ಒಂದೇ ತೂಕಕ್ಕೆ ಕಾರ್ಬನ್‌ಗಿಂತ ಜಾಸ್ತಿ ಶಕ್ತಿ ನುಂಗುತ್ತದೆ. ಅಲ್ಯೂಮಿನಿಯಂನಲ್ಲೂ ಇದೇ ಲೆಕ್ಕ: 6061-ಟಿ6 ಎಂಬ ಬಗೆಯ ಅಲ್ಯೂಮಿನಿಯಂ ಸುಮಾರು 275 ಮೆಗಾಪಾಸ್ಕಲ್‌ಗೆ ಬಗ್ಗಿ ಹಾಗೇ ಉಳಿಯುತ್ತದೆ, 7075-ಟಿ6 ಎಂಬ ಇನ್ನೊಂದು ಬಗೆ ಸುಮಾರು 500ಕ್ಕೆ. ಬಿಗಿತ ಎರಡಕ್ಕೂ 70 ಗಿಗಾಪಾಸ್ಕಲ್ ಹತ್ತಿರ. ಅದೇ ತೂಕದ 7075 ಪಟ್ಟಿ ಮೂರು ಪಟ್ಟು ಶಕ್ತಿ ನುಂಗುತ್ತದೆ.

7075ನ್ನು ಮೇಷ್ಟ್ರು ಬಿಟ್ಟಿರಲಿಲ್ಲ. ಒಂದು ತುಂಡು ಸಿಕ್ಕಿತ್ತು. ವೈಸ್‌ನ ಚೂಪು ಅಂಚಿನ ಮೇಲೆ ಬಗ್ಗಿಸಿದರು, ಟಕ್ ಅಂತ ಬಿರುಕು ಬಿಟ್ಟಿತು. ಆ ಲೋಹವನ್ನು ತಣ್ಣಗಿರುವಾಗ ಬಗ್ಗಿಸಬೇಕಾದರೆ ಮಡಿಕೆಯ ತ್ರಿಜ್ಯ ದಪ್ಪದ ಆರೇಳು ಪಟ್ಟಾದರೂ ಇರಬೇಕು. ದುಂಡು ಪೈಪಿನ ಮೇಲೆ ನಿಧಾನಕ್ಕೆ ಬಗ್ಗಿಸುವ ಅನುಕೂಲ ಇದ್ದವರಿಗೆ ಅದು ಒಳ್ಳೆಯ ಆಯ್ಕೆಯೇ. ನಮಗೆ ಇನ್ನೊಂದು ತುಂಡು ಸಿಗಲಿಲ್ಲ.

ಗ್ಲಾಸ್ ಕಾಲು ಮಾಡಿದ ಬಗೆ

ಹುಡುಗನ ಪರಿಚಯದ ಒಬ್ಬರು ಫೈಬರ್ ಬಾಗಿಲು, ಬಸ್ಸಿನ ಬಂಪರ್ ಮಾಡುವವರು. ಅವರು ತಮ್ಮಲ್ಲಿದ್ದ ಸಾಮಗ್ರಿಯಲ್ಲೇ ಒಂದು ಕಾಲು ಮಾಡಿಕೊಟ್ಟರು: ಚಾಪೆಯಂಥ ಮ್ಯಾಟು, ಪಾಲಿಯೆಸ್ಟರ್ ರೆಸಿನ್. ಕೈಯಿಂದ ಒತ್ತಿ ನೋಡುವಾಗಲೇ ಮಡಿಕೆಯಲ್ಲಿ ಬೆಳ್ಳಗಾಯಿತು. ಮ್ಯಾಟಿನಲ್ಲಿ ನಾರುಗಳು ಗಿಡ್ಡ, ದಿಕ್ಕಾಪಾಲು. ರೆಸಿನ್ ಪಾಲೇ ಜಾಸ್ತಿ. ಬಂಪರ್‌ಗೆ ಅದು ಸಾಕು, ಸ್ಪ್ರಿಂಗ್‌ಗೆ ಸಾಲದು. ಬಿಳಿಗೆರೆ ಎಂದರೆ ಒಳಗೆ ರೆಸಿನ್ ಬಿರಿದಿದೆ ಎಂದರ್ಥ. "ಅಣ್ಣಾ, ಇದಕ್ಕೆ ಉದ್ದ ನಾರಿನ ಬಟ್ಟೆ ಬೇಕು, ಎಪಾಕ್ಸಿ ಬೇಕು" ಎಂದು ಹುಡುಗ ಅವರಿಗೆ ವಿವರಿಸಿ, ಅವರ ಶೆಡ್ಡಿನಲ್ಲೇ ತಾನು ಮಾಡಲು ಒಪ್ಪಿಗೆ ಪಡೆದ.

ಮರದ ಅಚ್ಚು ಮಾಡಿದ. ಮಡಿಕೆಗಳನ್ನು ಚೂಪಾಗಿ ಬಿಡದೆ 30 ಮಿ.ಮೀ. ತ್ರಿಜ್ಯಕ್ಕೆ ದುಂಡು ಮಾಡಿದ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಕಾಲು ಅಗಲುವಾಗ ಮಡಿಕೆ ಬಿಚ್ಚಿಕೊಳ್ಳಲು ನೋಡುತ್ತದೆ. ಆಗ ಪದರಗಳು ಒಂದರಿಂದ ಒಂದು ಬೇರೆಯಾಗುವ ಹಾಗೆ ಎಳೆತ ಬೀಳುತ್ತದೆ. ತಿರುವು ಚೂಪಾಗಿದ್ದಷ್ಟೂ ಆ ಎಳೆತ ಜಾಸ್ತಿ. ಅಚ್ಚಿನ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ ಮೇಣ ಸವರಿದ. ಒಂದೇ ದಿಕ್ಕಿನ ನಾರಿರುವ ಗ್ಲಾಸ್ ಬಟ್ಟೆಯನ್ನು ಒಂದು ಗಾಲಿಯಿಂದ ಇನ್ನೊಂದು ಗಾಲಿಯವರೆಗೆ, ಎಲ್ಲೂ ಕತ್ತರಿಸದೆ, ಬಿಗಿಯಾಗಿ ಎಳೆದು ಹಾಸಿದ. ನಡುವೆ 14 ಪದರ, ತುದಿಯ ಕಡೆ ಕಡಿಮೆಯಾಗುತ್ತಾ ಹೋಗುವಂತೆ. ಎಪಾಕ್ಸಿ ಮತ್ತು ಹಾರ್ಡ್‌ನರ್ ಎರಡನ್ನೂ ಅಳತೆ ಲೋಟದ ಬದಲು ತಕ್ಕಡಿಯಲ್ಲೇ ತೂಗಿದ. ಹೆಚ್ಚಾದ ರೆಸಿನ್ ಒತ್ತಿ ತೆಗೆದ.

ಮೊದಲ ಗ್ಲಾಸ್ ಕಾಲು ಚೆನ್ನಾಗಿ ಬಗ್ಗಿತು, ಚೆನ್ನಾಗಿ ವಾಪಸ್ ಬಂತು. ಆದರೆ ನೆಲದ ಮೇಲೆ ಓಡುವಾಗ ವಿಮಾನ ಅತ್ತಿತ್ತ ಎಳೆಯಿತು. ನೋಡಿದರೆ, ಗಾಲಿಗೆ ಏನಾದರೂ ತಡೆದಾಗ ಕಾಲು ತಿರುಚಿಕೊಂಡು ಗಾಲಿಯ ಮುಂಭಾಗ ಹೊರಕ್ಕೆ ತಿರುಗುತ್ತಿತ್ತು. ಉದ್ದಕ್ಕಿರುವ ನಾರು ಬಾಗುವಿಕೆಗೆ ತಡೆ ಒಡ್ಡುತ್ತದೆ, ತಿರುಚುವಿಕೆಗೆ ಒಡ್ಡುವುದಿಲ್ಲ. ಎರಡನೆಯ ಕಾಲಿಗೆ ಮೇಲೂ ಕೆಳಗೂ 45 ಡಿಗ್ರಿ ಓರೆಯಾಗಿ ನೇಯ್ದ ಬಟ್ಟೆ ಸುತ್ತಿದ. ಗಾಲಿಗಳ ಮೂತಿಯನ್ನು ತುಸು ಒಳಕ್ಕೆ ಕೂರಿಸಿದ. ಎಳೆತ ನಿಂತಿತು. ಆ ಕಾಲಿನ ತೂಕ 128 ಗ್ರಾಂ.

ಇನ್ನೊಂದು ಕೆಲಸ ಬಹಳ ಜನ ಬಿಟ್ಟುಬಿಡುತ್ತಾರೆ. ಕೋಣೆಯ ಬಿಸಿಯಲ್ಲಿ ಗಟ್ಟಿಯಾದ ಎಪಾಕ್ಸಿ 50-60 ಡಿಗ್ರಿ ಬಿಸಿಗೆ ಮೆತ್ತಗಾಗಲು ಶುರುವಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಬಿಸಿ ಆಗಿಯೇ ಆಗುತ್ತದೆ. ವಿಮಾನ ತನ್ನದೇ ತೂಕಕ್ಕೆ ಕಾಲು ಚಾಚಿಕೊಂಡುಬಿಡಬಹುದು. ಅದಕ್ಕೇ ಕಾಲನ್ನು ಅಚ್ಚಿನ ಮೇಲೇ ಬಿಟ್ಟು, ರಟ್ಟಿನ ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿ, ಥರ್ಮಾಮೀಟರ್ ಇಟ್ಟು 60 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿದ. ಪಕ್ಕದಲ್ಲೇ ಕೂತಿದ್ದ, ಬಿಟ್ಟು ಹೋಗಲಿಲ್ಲ.

ಬೀಳಿಸಿ ನೋಡಿದ್ದು

ಹಾರಿಸುವ ಮುಂಚೆ ಬೀಳಿಸಿ ನೋಡೋಣ ಎಂದದ್ದು ಮೇಷ್ಟ್ರು. ಅಮೆರಿಕದ ವಿಮಾನಯಾನ ನಿಯಮಗಳ ಹಳೆಯ ಭಾಗ 23ರಲ್ಲಿ ಸಣ್ಣ ವಿಮಾನಗಳ ಕಾಲನ್ನು 9.2ರಿಂದ 18.7 ಇಂಚು ಎತ್ತರದಿಂದ, ಎಂದರೆ ಸುಮಾರು 23ರಿಂದ 47 ಸೆಂ.ಮೀ.ನಿಂದ, ಬೀಳಿಸಿ ಪರೀಕ್ಷಿಸಬೇಕಿತ್ತು. ನಾವು 20 ಸೆಂ.ಮೀ. ಇಟ್ಟುಕೊಂಡೆವು. ರೆಕ್ಕೆ, ಎಂಜಿನ್ ಬಿಚ್ಚಿಟ್ಟು, ಅಷ್ಟೇ ತೂಕದ ಮರಳು ಚೀಲ ಕಟ್ಟಿದೆವು. ಜಂತಿಗೆ ದಾರ ಕಟ್ಟಿ ತೂಗುಹಾಕಿ, ಪಕ್ಕದಲ್ಲಿ ಸ್ಕೇಲು ನಿಲ್ಲಿಸಿ, ದಾರ ಕತ್ತರಿಸಿ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿದೆವು. ಕಾರ್ಬನ್ ಕಾಲು ಸುಮಾರು 2 ಸೆಂ.ಮೀ. ಬಗ್ಗಿತು. ಗ್ಲಾಸ್ ಕಾಲು ಸುಮಾರು 4. ಕಿಟ್‌ನ ಹಳೆಯ ಅಲ್ಯೂಮಿನಿಯಂ ಅಗಲಿ ಹಾಗೇ ಉಳಿಯಿತು. ಜಗುಲಿಯ ಲೆಕ್ಕ ಕಣ್ಣೆದುರೇ ಕಾಣಿಸಿತು.

ಹೊಟ್ಟೆಯ ಕೆಲಸ ಜೊತೆಗೇ ನಡೆಯಿತು. 3 ಮಿ.ಮೀ. ಪ್ಲೈ ತೆಗೆದು 5 ಮಿ.ಮೀ. ಬರ್ಚ್ ಪ್ಲೈ ಹಾಕಿ, ಅದು ಹಿಂದೆ ಮುಂದೆ ಎರಡೂ ಅಡ್ಡಗಟ್ಟುಗಳಿಗೆ ಕಚ್ಚುವ ಹಾಗೆ ಮಾಡಿ, ಮೂಲೆಗಳಿಗೆ ತ್ರಿಕೋನ ಕಡ್ಡಿ ಅಂಟಿಸಿದರು. ಇದರಿಂದ 28 ಗ್ರಾಂ ಏರಿತು. ಮುಂದಿನ ಎರಡು ಸ್ಟೀಲ್ ಬೋಲ್ಟ್ ತೆಗೆದು ನೈಲಾನ್ ಬೋಲ್ಟ್ ಹಾಕಿದರು. ಎಳೆತ ಮಿತಿ ಮೀರಿದರೆ ಹೊಟ್ಟೆ ಹರಿಯುವ ಮೊದಲು ಬೋಲ್ಟ್ ಹರಿಯಲಿ ಎಂದು. ಗಾಲಿ 75ರ ಬದಲು 100 ಮಿ.ಮೀ. ಫೋಮ್ ಗಾಲಿ. ದೊಡ್ಡದಾದರೂ ಹಗುರ: ರಬ್ಬರಿನದು ಒಂದಕ್ಕೆ 62 ಗ್ರಾಂ, ಫೋಮಿನದು 42.

ಒಟ್ಟು ತೂಕ ನೋಡಿ. ಮೊದಲಿನ ಕಾಲು, ಗಾಲಿ, ಗಾಲಿಯ ಅಚ್ಚು, ಬೋಲ್ಟ್ ಎಲ್ಲ ಸೇರಿ 320 ಗ್ರಾಂ. ದಪ್ಪ ಅಲ್ಯೂಮಿನಿಯಂ ಇದ್ದಾಗ 374. ಈಗ ಹೊಸ ಪ್ಲೈನ 28 ಗ್ರಾಂ ಸೇರಿಸಿಯೂ 274. ಉಳಿತಾಯವಾದ ತೂಕದಲ್ಲಿ ಕಾಲಿನ ಪಾಲಿಗಿಂತ ಗಾಲಿಯ ಪಾಲು ಜಾಸ್ತಿ. ಹಗುರ ಮಾಡಲು ಹೊರಟವರು ಕಾಲಿನ ಬಗ್ಗೆಯೇ ಯೋಚಿಸುತ್ತಾರೆ, ಗಾಲಿಯನ್ನು ತಕ್ಕಡಿಗೆ ಹಾಕುವವರು ಕಡಿಮೆ. ಭಾರ ಕೇಂದ್ರ ಕೊಂಚ ಹಿಂದಕ್ಕೆ ಸರಿದಿತ್ತು. ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ ಸರಿಮಾಡಿದರು.

ಆಮೇಲೆ ಏನಾಯಿತು

ನಿಜವಾದ ಪರೀಕ್ಷೆ ಗಾಳಿ ಜೋರಿದ್ದ ಒಂದು ದಿನ ಬಂತು. ಬಲಗಡೆ ಗಾಲಿ ಬದುವಿಗೆ ಹೊಡೆಯಿತು. ಎರಡೂ ನೈಲಾನ್ ಬೋಲ್ಟ್ ಪಟಪಟ ಹರಿದವು, ಕಾಲು ಹಿಂದಕ್ಕೆ ಮಡಚಿತು, ವಿಮಾನ ಹೊಟ್ಟೆಯ ಮೇಲೆ ಜಾರಿ ನಿಂತಿತು. ಹೊಟ್ಟೆಯ ಹೊದಿಕೆ ತರಚಿತ್ತು, ಪ್ಲೈ ಒಂದಿಷ್ಟೂ ಅಲುಗಿರಲಿಲ್ಲ. ಮೇಷ್ಟ್ರು ಹೊಸ ಬೋಲ್ಟ್ ಹಾಕಿ ಅದೇ ದಿನ ಮತ್ತೆ ಹಾರಿಸಿದರು.

ಎಲ್ಲವೂ ಸುಸೂತ್ರ ಅಂತಲ್ಲ. ಗ್ಲಾಸ್ ಕಾಲು ನುಂಗಿದ ಶಕ್ತಿಯನ್ನು ವಾಪಸ್ ಕೊಡುತ್ತದೆ. ವೇಗ ಜಾಸ್ತಿ ಇಟ್ಟು ಇಳಿಸಿದರೆ ವಿಮಾನ ಪುಟಿದು ಮತ್ತೆ ಮೇಲೇಳುತ್ತದೆ. ಅಲ್ಯೂಮಿನಿಯಂ ಬಗ್ಗಿ ಉಳಿದು ಶಕ್ತಿಯನ್ನು ಅಲ್ಲೇ ಮುಗಿಸುತ್ತಿತ್ತು, ಅದೊಂದು ಅನುಕೂಲವಾಗಿತ್ತು. ಕಾಲು ಅಗಲುವಾಗ ಗಾಲಿಗಳು ಹುಲ್ಲಿನ ಮೇಲೆ ಪಕ್ಕಕ್ಕೆ ಉಜ್ಜುವುದರಿಂದ ಪುಟಿತ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೇಷ್ಟ್ರು ಈಗ ವೇಗ ಚೆನ್ನಾಗಿ ಇಳಿಸಿ, ಮೂರೂ ಗಾಲಿ ಒಟ್ಟಿಗೆ ಮುಟ್ಟುವ ಹಾಗೆ ತರುತ್ತಾರೆ. ನೈಲಾನ್ ಬೋಲ್ಟ್‌ದು ಬೇರೆ ಕಥೆ. ತೇವ ಆರಿದ ನೈಲಾನ್ ಪೆಡಸಾಗುತ್ತದೆ. ಬೇಸಿಗೆಯಲ್ಲಿ ಒಮ್ಮೆ ಸಾಧಾರಣ ಇಳಿತಕ್ಕೇ ಒಂದರ ತಲೆ ಹಾರಿತು. ಹಾಗಾಗಿ ಹಳೆಯವು ಚೆನ್ನಾಗಿ ಕಂಡರೂ ಬೇಸಿಗೆಗೆ ಮುಂಚೆ ಬದಲಿಸುತ್ತಾರೆ. ಪ್ರತಿ ಸಲ ಹಾರಿಸುವ ಮುನ್ನ ಕಾಲಿನ ಮಡಿಕೆಯನ್ನು ಬೆಳಕಿಗೆ ಹಿಡಿದು ಬಿಳಿಗೆರೆ ಇದೆಯೇ ಎಂದು ನೋಡುತ್ತಾರೆ. ಗ್ಲಾಸ್‌ನ ಒಂದು ಒಳ್ಳೆಯ ಗುಣ ಇದು, ಕೆಡುವ ಮುಂಚೆ ಕಣ್ಣಿಗೆ ಕಾಣಿಸುತ್ತದೆ. ಕಪ್ಪು ಕಾರ್ಬನ್‌ನಲ್ಲಿ ಆ ಸುಳಿವು ಸಿಗುವುದಿಲ್ಲ.

ಬೇರೆಯವರು ಇದನ್ನು ನೋಡಿ ಗ್ಲಾಸ್ ಕಾಲೇ ಮಾಡಬೇಕೆಂದೇನಿಲ್ಲ. ಒಂದೂವರೆ ಕೆ.ಜಿ.ಯೊಳಗಿನ ಬ್ಯಾಟರಿ ವಿಮಾನಕ್ಕೆ 3 ಮಿ.ಮೀ. ಪಿಯಾನೊ ವೈರ್ ಬಗ್ಗಿಸಿ ಹಾಕಿದರೆ ಸಾಕು. ಅದೂ ಒಳ್ಳೆಯ ಸ್ಪ್ರಿಂಗೇ, ಕೆಟ್ಟರೆ ಕೈಯಲ್ಲೇ ಸರಿಮಾಡಬಹುದು. ನಯವಾದ ಟಾರಿನ ಮೇಲೆ ಹಾರಿಸುವವರಿಗೆ, ತಮ್ಮ ವಿಮಾನದ ತೂಕಕ್ಕೇ ಹೇಳಿದ ಸೈಜಿನ ಕಾರ್ಬನ್ ಕಾಲು ಚೆನ್ನಾಗಿ ಒಗ್ಗುತ್ತದೆ. ನಮ್ಮ ಬಯಲಿನಲ್ಲೇ ಇನ್ನೊಬ್ಬರು 6 ಕೆ.ಜಿ.ಯ ವಿಮಾನ ಕಟ್ಟುತ್ತಿದ್ದಾರೆ. ಅವರಿಗೆ 7075 ಪಟ್ಟಿ ಸಿಕ್ಕಿದೆ, ದುಂಡು ಪೈಪಿನ ಮೇಲೆ ಬಗ್ಗಿಸಿಕೊಡುವ ವರ್ಕ್‌ಶಾಪೂ ಸಿಕ್ಕಿದೆ. ಮೇಷ್ಟ್ರು ಅವರಿಗೆ ಹೇಳಿರುವುದು ಇಷ್ಟೇ: ಮೊದಲು ಬೋಲ್ಟ್ ಕೂರುವ ಪ್ಲೈ ತೋರಿಸಿ, ಗಾಲಿಯ ಸೈಜು ಹೇಳಿ, ಆಮೇಲೆ ಪಟ್ಟಿ ಎಷ್ಟು ದಪ್ಪ ಅಂತ ಮಾತಾಡೋಣ.